ಮೆನ್ನೊನ ಫಾರ್ಮು ಮತ್ತು ಪಾದ್ರಿ ಎಂಬ ಹೆಬ್ಬಾತು

ಮೆನ್ನೊ ಉಲ್ಫರ್ಟ್ಸ್ ಐವತ್ತು ದಾಟುವವರೆಗೂ ಕಿಟಕಿ ಪರದೆ ಮಾರಿಕೊಂಡಿದ್ದ. ಸಮುದ್ರದ ಏರಿಯ ಮಗ್ಗುಲಲ್ಲಿರುವ ನಮ್ಮ ಸಣ್ಣ ಊರಿನಲ್ಲಿ ಅವನು ಅಳತೆ ತೆಗೆಯದ ಕಿಟಕಿ ಇರಲಿಲ್ಲ. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, ಕುರ್ಚಿ ಎಳೆದು ಕೂರಿಸಿ, ಚಹಾ ಬಗ್ಗಿಸಿ, ಕಿಟಕಿ ಯಾವ ದಿಕ್ಕಿಗಿದೆ, ಎದುರು ಮನೆಯವರು ಎಂಥವರು, ಮನೆಯಲ್ಲಿ ಬೆಕ್ಕಿದೆಯೇ, ಇದ್ದರೆ ಅದು ಪರದೆ ಹತ್ತುವ ಸ್ವಭಾವದ್ದೋ ಪರದೆಯ ಕೆಳಗೆ ಮಲಗುವ ಸ್ವಭಾವದ್ದೋ ಎಂದು ಒಂದೊಂದಾಗಿ ಕೇಳುತ್ತಿದ್ದ. ಅಡುಗೆಮನೆಗೊಂದು ತುಂಡು ಬಟ್ಟೆ ಕೊಳ್ಳಲು ಬಂದವರು ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿ, ಬಟ್ಟೆಯನ್ನೇ ಮರೆತು ಹಗುರಾಗಿ ಮನೆಗೆ ಹೋದದ್ದೂ ಉಂಟು. ಅಂಗಡಿ ಮುಚ್ಚಿಹೋಗಲು ಇದೂ ಒಂದು ಕಾರಣವೆಂದು ಅದರ ಮಾಲೀಕ ಹೇಳಿಕೊಂಡು ತಿರುಗುತ್ತಿದ್ದ.

ಕೆಲಸ ಹೋದ ಮೇಲೆ ಮೆನ್ನೊ ಕೆಲವು ವಾರ ಮನೆಯಲ್ಲೇ ಕೂತ. ಅವನ ಹೆಂಡತಿ ತೇಡಾ ಬೇಕರಿಯಲ್ಲಿ ಕೆಲಸಕ್ಕೆ ಹೋಗುವವಳು. ಸಂಜೆ ಅವಳು ಬಂದ ತಕ್ಷಣ ಇವನು ಬಾಗಿಲಲ್ಲೇ ನಿಂತು, ಇವತ್ತು ಯಾರು ಬಂದಿದ್ದರು, ಯಾವ ಬ್ರೆಡ್ಡು ಕೊಂಡರು, ಯಾಕೆ ಅದನ್ನೇ ಕೊಂಡರು ಎಂದು ಶುರು ಮಾಡುತ್ತಿದ್ದ. ಒಂದು ದಿನ ಅವಳಿಗೆ ಸಾಕಾಯಿತು.

"ನೋಡು ಮೆನ್ನೊ, ನಿನ್ನ ಈ ಪ್ರಶ್ನೆಗಳನ್ನ ಕೇಳಿಸ್ಕೊಳ್ಳೋಕೆ ಯಾರಾದ್ರೂ ಸಂಬಳ ಕೊಡೋ ಕಡೆ ಹೋಗು. ನಾನಂತೂ ಕೊಡಲ್ಲ."

ಹೀಗೆ ಅವನು ಅಗ್ನಿಶಾಮಕ ಠಾಣೆಯ ಮೇಲಿನ ಮಹಡಿಯಲ್ಲಿ ನಡೆಯುತ್ತಿದ್ದ ವೆಬ್‌ಸೈಟ್ ಮಾಡುವ ಕೋರ್ಸಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ನಮ್ಮ ಅಂಚೆ ಕೌಂಟರು ಮುಚ್ಚಿದ್ದರಿಂದ ನಾನೂ ಅಲ್ಲಿಗೇ ಸೇರಿದ್ದೆ. ಕೆಳಗೆ ಸೈರನ್ ಹೊಡೆದುಕೊಂಡಾಗಲೆಲ್ಲ ಮೆನ್ನೊ ತಾನೇ ಏನನ್ನೋ ಕೆಡಿಸಿದೆನೆಂದು ಕೀಬೋರ್ಡಿನಿಂದ ಎರಡೂ ಕೈ ಎತ್ತಿಬಿಡುತ್ತಿದ್ದ. "ನಾನಲ್ಲ ಫೆನ್ನಾ, ನಾನು ಮುಟ್ಟೇ ಇಲ್ಲ," ಎಂದು ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದ.

ನಮಗೆ ಪಾಠ ಹೇಳುತ್ತಿದ್ದ ಯಾನೆಸ್, ತಲೆಗೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿದ, ಮೆನ್ನೊ ತೊಡುವ ಹಳೆಯ ಕೋಟಿಗಿಂತ ವಯಸ್ಸಿನಲ್ಲಿ ಚಿಕ್ಕವನಾದ ಹುಡುಗ. ಒಳ್ಳೆಯವನು, ಆದರೆ ಯಾರ ಮುಖವನ್ನೂ ನೋಡದೆ ಕಂಪ್ಯೂಟರಿನ ಪರದೆಯನ್ನು ನೋಡಿಕೊಂಡೇ ಮಾತಾಡುತ್ತಿದ್ದ. ಕೆಲಸ ಕೇಳಲು ಹೋದಾಗ ತೋರಿಸಿಕೊಳ್ಳಲು ನಮ್ಮೆಲ್ಲರ ಕೈಯಲ್ಲೂ ಸ್ವಂತದ್ದೊಂದು ಮಾದರಿ ಇರಲೇಬೇಕೆಂದು ಒಂದು ದಿನ ಅವನು ಸಾರಿದ. ಆ ಮಾದರಿ ಎಂದರೆ ಹಂತಹಂತವಾಗಿ ತುಂಬುವ ಒಂದು ಫಾರ್ಮು. ಮೊದಲ ಪುಟದಲ್ಲಿ ಹೆಸರು ವಿಳಾಸ, ಎರಡನೆಯದರಲ್ಲಿ ಏನು ಬೇಕೆಂಬ ಆಯ್ಕೆ, ಮೂರನೆಯದರಲ್ಲಿ ಹೆಚ್ಚಿನ ಸೌಲಭ್ಯ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ತೋರಿಸಿ ಇದು ಸರಿಯೇ ಎಂದು ಕೇಳುವುದು, ಆಮೇಲೆ ಧನ್ಯವಾದ.

"ಎಲ್ಲಾ ಒಂದೇ ಪುಟದಲ್ಲಿ ಕೇಳಿದ್ರೆ ಜನ ಹೆದರ್ಕೊಂಡು ಓಡಿಹೋಗ್ತಾರೆ," ಎಂದ ಯಾನೆಸ್. "ಸ್ವಲ್ಪ ಕೇಳ್ಬೇಕು, ಮುಂದೆ ಹೋಗ್ಬೇಕು. ಮತ್ತೆ ಸ್ವಲ್ಪ ಕೇಳ್ಬೇಕು."

ಮೆನ್ನೊ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. "ಅಯ್ಯೋ ಮಾರಾಯಾ, ಇಷ್ಟು ವರ್ಷ ನಾನು ಇದನ್ನೇ ತಾನೇ ಮಾಡಿದ್ದು!"

ಬೇರೆಯವರು ಪಿಜ್ಜಾ, ಜಿಮ್ಮು, ಫೋನಿನ ಪ್ಲಾನು ಎಂದು ವಿಷಯ ಆರಿಸಿಕೊಂಡರು. ನಾನು ಹೂಗುಚ್ಛದ ಅಂಗಡಿ ಎಂದೆ. ಮೆನ್ನೊ ಮಾತ್ರ ತನ್ನ ಬಲಗೈಯ ಬ್ಯಾಂಡೇಜನ್ನು ನೋಡುತ್ತ ಕೂತಿದ್ದ. ಹಿಂದಿನ ಭಾನುವಾರ ಊಟಕ್ಕೆ ಅತ್ತೆ ಮನೆಗೆ ಹೋಗಿದ್ದಾಗ ಅವರ ಗಂಡು ಹೆಬ್ಬಾತು ಅವನನ್ನು ಗೇಟಿನಿಂದ ಅಡುಗೆಮನೆಯವರೆಗೆ ಅಟ್ಟಿಸಿಕೊಂಡು ಬಂದು ಕಚ್ಚಿತ್ತು. ಆ ಹೆಬ್ಬಾತಿನ ಹೆಸರು ಪಾದ್ರಿ. ಹಳೆಯ ಕಾಲದ ಯಾವನೋ ಪಾದ್ರಿಯಂತೆ ಕತ್ತು ಉದ್ದ ಮಾಡಿ ಎಲ್ಲರನ್ನೂ ಬೈಯುತ್ತದೆಂದು ಅತ್ತೆ ಗೇಶೆಯಮ್ಮನೇ ಇಟ್ಟ ಹೆಸರು.

"ಹೆಬ್ಬಾತು ಬಾಡಿಗೆಗೆ," ಎಂದ ಮೆನ್ನೊ.

"ಏನು?" ಯಾನೆಸ್ ಮೊದಲ ಸಲ ಪರದೆಯಿಂದ ಕಣ್ಣು ಕಿತ್ತು ಮನುಷ್ಯನೊಬ್ಬನ ಮುಖ ನೋಡಿದ.

"ಮನೆ ಕಾಯೋಕೆ ಹೆಬ್ಬಾತು ಬಾಡಿಗೆಗೆ ಕೊಡೋ ಕಂಪನಿ. ನಾಯಿಗಿಂತ ಜೋರಾಗಿ ಕೂಗುತ್ತೆ, ಅಂಚೆಯವನು ಅಳಿಯ ಅಂತ ಭೇದ ಮಾಡಲ್ಲ. ಇಂಥ ಪ್ರಾಣೀನ ಯಾರಾದ್ರೂ ದುಡ್ಡು ಕೊಟ್ಟು ಕರ್ಕೊಂಡು ಹೋಗೋದಾದ್ರೆ ಅದಕ್ಕಿಂತ ಒಳ್ಳೇ ವ್ಯಾಪಾರ ಇದ್ಯಾ?"

"ಕಾಲ್ಪನಿಕ ಕಂಪನಿ ಆದ್ರೆ ಪರವಾಗಿಲ್ಲ," ಎಂದ ಯಾನೆಸ್. ಆ ಮಾತನ್ನು ಆಮೇಲೆ ಅವನು ಬಹಳ ಸಲ ನೆನೆಸಿಕೊಂಡ.

ಮೆನ್ನೊ ಮೈಮರೆತು ಕೆಲಸಕ್ಕೆ ಬಿದ್ದ. ಎರಡನೆಯ ಹಂತದಲ್ಲಿ ಮೂರು ಆಯ್ಕೆಗಳು: ಒಂಟಿ ಹೆಬ್ಬಾತು, ಜೋಡಿ ಹೆಬ್ಬಾತು, ಇಡೀ ಹಿಂಡು. ತಿಂಗಳಿಗೋ ವರ್ಷಕ್ಕೋ ಎಂದು ಆರಿಸಲು ಕೆಳಗೊಂದು ಪುಟ್ಟ ಸ್ವಿಚ್ಚು. ಮೂರನೆಯ ಹಂತದಲ್ಲಿ ರಾತ್ರಿ ಪಾಳಿ, ಮನೆಮನೆಗೆ ಸಾಮಾನು ಮಾರಲು ಬರುವವರ ಮೇಲೆ ವಿಶೇಷ ಕೋಪ, ಭಾನುವಾರ ಬೆಳಿಗ್ಗೆ ಮೌನ. ನೋಡಲು ಚೆನ್ನಾಗಿತ್ತು. ಆದರೆ ಕೆಲಸ ಮಾಡಬೇಕಲ್ಲ! ಮೊದಲು 'ಮುಂದೆ' ಒತ್ತಿದರೆ ನಾಲ್ಕೂ ಪುಟ ಒಂದರ ಮೇಲೊಂದು ಕೂತು ತೊಳೆಯದ ತಟ್ಟೆಗಳ ಹಾಗೆ ಕಾಣುತ್ತಿದ್ದವು. ಅದು ಸರಿಹೋಯಿತೆನ್ನುವಾಗ 'ಹಿಂದೆ' ಒತ್ತಿದರೆ ಅಲ್ಲಿಯವರೆಗೆ ಬರೆದದ್ದೆಲ್ಲ ಮಾಯ. ಇನ್ನೊಂದು ದಿನ ಸೈಟು ತೆರೆದ ತಕ್ಷಣ ಯಾವ ಪ್ರಶ್ನೆಯೂ ಇಲ್ಲದೆ ಧನ್ಯವಾದದ ಪುಟವೇ ಎದುರಿಗೆ ನಿಂತಿತು.

ಅದನ್ನು ನೋಡಿ ತೇಡಾ, "ಏನೂ ಕೇಳ್ದೇನೇ ಥ್ಯಾಂಕ್ಸ್ ಹೇಳುತ್ತೆ. ಅದನ್ನ ಹಾಗೇ ಬಿಡು, ಇದನ್ನ ನೋಡಿ ನೀನೂ ಕಲಿ," ಎಂದಳಂತೆ.

ಪುಟ ಬದಲಾದರೂ ಬರೆದದ್ದನ್ನು ಒಂದು ಕಡೆ ಎತ್ತಿಟ್ಟುಕೊಂಡಿರಬೇಕು, ಪ್ರತಿ ಪುಟವೂ ಅಲ್ಲಿಂದಲೇ ಓದಿಕೊಳ್ಳಬೇಕು ಎಂದು ಯಾನೆಸ್ ಬೋರ್ಡಿನ ಮೇಲೆ ಡಬ್ಬಿಯ ಚಿತ್ರ ಬರೆದು ವಿವರಿಸಿದ. ಆ ಡಬ್ಬಿ ಮೆನ್ನೊನಿಗೆ ಬಹಳ ಹಿಡಿಸಿತು. ಎಷ್ಟೆಂದರೆ, ಅದರಲ್ಲಿ ಇನ್ನೂ ಜಾಗ ಇದೆಯಲ್ಲ ಎಂದು ಪ್ರಶ್ನೆ ಸೇರಿಸುತ್ತಲೇ ಹೋದ. ಅಂಗಳ ಎಷ್ಟು ದೊಡ್ಡದು, ಬೇಲಿ ಗಿಡದ್ದೋ ಕಟ್ಟಿಗೆಯದೋ, ಅಕ್ಕಪಕ್ಕದವರ ಜೊತೆ ಮಾತುಕತೆ ಇದೆಯೋ, ಚಿಕ್ಕಂದಿನಲ್ಲಿ ಹೆಬ್ಬಾತು ಅಟ್ಟಿಸಿಕೊಂಡು ಬಂದಿತ್ತೋ, ಬಂದಿದ್ದರೆ ಆಗ ಹೇಗನಿಸಿತು. ನಾಲ್ಕು ಹಂತದ ಫಾರ್ಮು ಹತ್ತು ಹನ್ನೆರಡಕ್ಕೆ ಏರಿತು.

"ಮೆನ್ನೊ, ಇದನ್ನ ತುಂಬೋಷ್ಟರಲ್ಲಿ ಹೆಬ್ಬಾತು ಮುದಿಯಾಗುತ್ತೆ," ಎಂದ ಯಾನೆಸ್. "ಕಿತ್ತಾಕಿ."

ಮೆನ್ನೊ ಒಂದೊಂದೇ ಪ್ರಶ್ನೆಯನ್ನು ಅಳಿಸುವಾಗ ನಾನು ಪಕ್ಕದಲ್ಲೇ ಇದ್ದೆ. ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿದ್ದ. ಸಮಾಧಾನಕ್ಕೆಂದು ಅವನು ತಪ್ಪು ತೋರಿಸುವ ಕೆಂಪು ಸಾಲುಗಳನ್ನು ಮಾತ್ರ ತನ್ನ ಇಷ್ಟದಂತೆ ಬರೆದುಕೊಂಡ. 'ಈ ಜಾಗ ಕಡ್ಡಾಯ' ಎಂದು ಬರುವ ಕಡೆ, 'ಹೆಸರೇ ಹೇಳದೆ ಹೆಬ್ಬಾತು ಕೇಳಿದರೆ ಕೊಡೋದು ಹೇಗೆ ಸ್ವಾಮಿ?' ಎಂದು ಬರುತ್ತಿತ್ತು. ಫೋನ್ ನಂಬರು ತಪ್ಪಿದರೆ, 'ಅಷ್ಟೇನು ಅವಸರ? ನಿಧಾನವಾಗಿ ಇನ್ನೊಮ್ಮೆ ಬರೀರಿ.' ಕೊನೆಯ ಪುಟದಲ್ಲಿ, 'ಧನ್ಯವಾದ! ನಾಳೆ ಬೆಳಗಿನ ಚಹಾದ ಹೊತ್ತಿಗೆ ನಿಮ್ಮ ಹೆಬ್ಬಾತು ನಿಮ್ಮ ಬಾಗಿಲಲ್ಲಿರುತ್ತದೆ.'

ಇದು ಅಭ್ಯಾಸಕ್ಕೆ ಮಾಡಿದ್ದು, ನಿಜವಾದ ಕಂಪನಿಯಲ್ಲ ಎಂದು ಎಲ್ಲಾದರೂ ಬರೆಯಲೇಬೇಕೆಂದು ಯಾನೆಸ್ ಹೇಳಿದ್ದ. ಮೆನ್ನೊ ಬರೆದಿದ್ದ. ಪುಟದ ಅಂದ ಕೆಡಬಾರದೆಂದು ತೀರಾ ಕೆಳಗೆ, ಇರುವೆ ಗಾತ್ರದಲ್ಲಿ, ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ ಬರೆದಿದ್ದ. ಯಾರಾದರೂ ತುಂಬಿದರೆ ಅದು ತನ್ನ ಮೇಲ್‌ಗೆ ಬರುವ ಹಾಗೂ ಮಾಡಿಕೊಂಡ. ಎಲ್ಲವೂ ಮುಗಿದು ಸೈಟು ಇಂಟರ್‌ನೆಟ್ಟಿಗೆ ಏರಿದ ದಿನ, ಅಷ್ಟು ದಿನ ಗೇಲಿ ಮಾಡಿದ ತೇಡಾಳಿಗೇ ಹೆಮ್ಮೆ ಉಕ್ಕಿ, ಚರ್ಚಿನ ಹಾಡಿನ ಬಳಗಕ್ಕೆಲ್ಲ ಅದರ ಲಿಂಕು ಕಳಿಸಿದಳು. 'ನನ್ನ ಗಂಡನ ಹೊಸ ಕೆಲಸ, ನೋಡಿ' ಎಂದಷ್ಟೇ ಬರೆದಿದ್ದಳು.

ಮರುದಿನ ಮೆನ್ನೊನ ಮೇಲ್‌ಗೆ ಒಂದು ಬೇಡಿಕೆ ಬಂತು. ಒಂಟಿ ಹೆಬ್ಬಾತು. ಸಾಮಾನು ಮಾರುವವರ ಮೇಲೆ ವಿಶೇಷ ಕೋಪ. ಹೆಸರು ಹಿಲ್ಕಾ ರೆವರ್ಟ್ಸ್.

ಮೆನ್ನೊ ಚಹಾದ ಬಟ್ಟಲನ್ನು ಕೆಳಗಿಟ್ಟು ಆ ಹೆಸರನ್ನು ಇನ್ನೊಮ್ಮೆ ಓದಿದ. ಹಿಲ್ಕಾ ರೆವರ್ಟ್ಸ್ ಅವನಿಗೆ ಶಾಲೆಯಲ್ಲಿ ಲೆಕ್ಕ ಕಲಿಸಿದ ಮೇಡಂ. ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೂ ದಾರಿಯಲ್ಲಿ ಅವರು ಎದುರಾದರೆ ಇವನು ಸೈಕಲ್ಲಿನಿಂದ ಇಳಿದು ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಸತ್ಯ ಹೇಳಿಬಿಡೋಣವೆಂದು ಫೋನು ಮಾಡಿದ.

"ಮೊಯ್ನ್, ನಮಸ್ಕಾರ ಮೇಡಂ, ನಾನು ಮೆನ್ನೊ ಉಲ್ಫರ್ಟ್ಸ್. ಆ ಹೆಬ್ಬಾತಿನ ವಿಷಯ..."

"ಉಲ್ಫರ್ಟ್ಸ್? ನೀನೇನೋ ಅದು? ಭೇಷ್! ಕೊನೆಗೂ ನಿನ್ನಿಂದ ಒಂದು ಉಪಯೋಗಕ್ಕೆ ಬರೋ ಕೆಲಸ ಆಯ್ತಲ್ಲ. ಫಾರ್ಮು ಚೆನ್ನಾಗಿದೆ ಕಣೋ. ಒಂದೊಂದಾಗಿ ಕೇಳುತ್ತೆ, ನನಗೂ ಅರ್ಥವಾಯ್ತು."

"ಮೇಡಂ, ವಿಷಯ ಏನಪ್ಪಾ ಅಂದ್ರೆ, ಅದು ನಿಜವಾಗ್ಲೂ..."

"ನಾಳೆ ಬೆಳಿಗ್ಗೆ ಟೀ ಹೊತ್ತಿಗೆ ಅಂತ ಬರೆದಿದ್ದೀಯ. ನಾನು ಕೇಕು ಮಾಡಿಟ್ಟಿರ್ತೀನಿ. ಆ ಊಬೊನ ಯಂತ್ರ ನಿನ್ನೆ ಮತ್ತೆ ಬೇಲಿ ಸಂದೀಲಿ ನುಗ್ಗಿ ನನ್ನ ಲೆಟಿಸ್ ಮಡಿಯನ್ನ ಬೋಳಿಸಿ ಹೋಗಿದೆ. ತಡ ಮಾಡ್ಬೇಡ. ನೀನು ಯಾವಾಗ್ಲೂ ತಡ."

"ಇಲ್ಲ ಮೇಡಂ," ಎಂದ ಮೆನ್ನೊ. ಫೋನು ಇಟ್ಟ ಮೇಲೆ ತೇಡಾ, "ಸತ್ಯ ಹೇಳಿದ್ಯಾ?" ಎಂದು ಕೇಳಿದಳು. ಇವನು, "ಕೇಕು ಮಾಡ್ತಾರಂತೆ," ಎಂದ.

ಊಬೊ ಹಿನ್ರಿಕ್ಸ್ ಎಂದರೆ ಮೇಡಂ ಪಕ್ಕದ ಮನೆಯವನು, ಕಾಲುವೆಯ ತೂಬು ನೋಡಿಕೊಂಡಿದ್ದು ನಿವೃತ್ತನಾದ ಒಂಟಿ ಮನುಷ್ಯ. ತಾನೇ ಓಡಾಡಿ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಕೊಂಡು, ಅದಕ್ಕೆ ಲೀಸಿ ಎಂದು ಹೆಸರಿಟ್ಟು, ಮಳೆ ಬಂದರೆ ಅದರ ಮೇಲೆ ಕೊಡೆ ಹಿಡಿಯುತ್ತಿದ್ದ. ಲೀಸಿಗೆ ಬೇಲಿಯ ಸಂದು ಗೊತ್ತಾಗಿತ್ತು. ಸಂದು ಮುಚ್ಚಿಸಿ ಎಂದು ಮೇಡಂ, ಬೇಲಿ ನಿಮ್ಮದು ಎಂದು ಊಬೊ. ಈ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಮೆನ್ನೊ ಅವತ್ತೇ ನನ್ನನ್ನು ಕರೆದುಕೊಂಡು ಅತ್ತೆ ಮನೆಗೆ ಓಡಿದ. ಕಾರು ಇದ್ದದ್ದು ನನ್ನ ಹತ್ತಿರ. ಗೇಶೆಯಮ್ಮ ಎಂಬತ್ತರ ಹತ್ತಿರದ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು.

"ಏನು ಅಳಿಯಂದಿರು, ಭಾನುವಾರ ಅಲ್ದಿದ್ರೂ ದಯಮಾಡಿಸಿದ್ದೀರಿ? ಕಚ್ಚಿಸ್ಕೊಂಡಿದ್ದು ಸಾಲ್ಲಿಲ್ವಾ?"

"ಅತ್ತೆ, ಪಾದ್ರೀನ ಸ್ವಲ್ಪ ದಿನದ ಮಟ್ಟಿಗೆ ಕೊಡ್ತೀರಾ?"

"ಯಾಕೆ? ಹೆಬ್ಬಾತು ಬೇಯಿಸೋ ಮಾರ್ಟಿನ್ ಹಬ್ಬಕ್ಕೆ ಇನ್ನೂ ಟೈಮಿದೆ. ಒಲೆಗಿಡೋ ಯೋಚನೆ ಇದ್ರೆ ಮೊದಲು ನಿನ್ನನ್ನ ಇಡ್ತೀನಿ."

ಮೆನ್ನೊ ನಡೆದದ್ದನ್ನೆಲ್ಲ ಹೇಳಿದ. ಗೇಶೆಯಮ್ಮ ನಕ್ಕು ನಕ್ಕು ಗೇಟು ಹಿಡಿದುಕೊಂಡರು. "ಅಂದ್ರೆ ಅಂಗಡೀಲಿ ಸರಕೇ ಇಲ್ದೆ ವ್ಯಾಪಾರ ಶುರು ಮಾಡಿದ್ಯಾ! ನನ್ನ ಮಗಳಿಗೆ ಆಗ್ಲೇ ಹೇಳಿದ್ದೆ, ಆ ಮೀನು ವ್ಯಾಪಾರದವನನ್ನ ಮಾಡ್ಕೊಳ್ಳೇ ಅಂತ. ಆಯ್ತು, ಕರ್ಕೊಂಡ್ ಹೋಗು. ಓಟ್ಸು ನೆನೆಸಿ ಕೊಡ್ಬೇಕು, ಬೈಬಾರ್ದು. ಬೈದ್ರೆ ಮನಸಿಗೆ ಹಚ್ಕೊಳ್ತಾನೆ."

ಮರುದಿನ ಬೆಳಿಗ್ಗೆ ಪಾದ್ರಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಾಗ ಕಿವಿ ಹರಿಯುವ ಹಾಗೆ ಅರಚಿತು. ಮುಂದಿನ ಸೀಟಿಗೆ ತಂದರೆ ತೆಪ್ಪಗಾಯಿತು. ಹಾಗಾಗಿ ಪಾದ್ರಿ ನನ್ನ ಪಕ್ಕದಲ್ಲಿ ಕತ್ತೆತ್ತಿ ರಸ್ತೆ ನೋಡುತ್ತ ಕೂತಿತು, ಮೆನ್ನೊ ಹಿಂದೆ ಮಂಡಿ ಮಡಚಿಕೊಂಡು, ಓಟ್ಸಿನ ಚೀಲ ತಬ್ಬಿಕೊಂಡು ಕೂತ. ದಾರಿಯಲ್ಲಿ ಎದುರಾದವರೆಲ್ಲ ರೂಢಿಯಂತೆ ಕೈಯೆತ್ತಿ ನಮಸ್ಕಾರ ಮಾಡಿ, ಆಮೇಲೆ ನಿಂತು ತಿರುಗಿ ನೋಡಿದರು.

ಹಿಲ್ಕಾ ಮೇಡಂ ಅಂಗಳದಲ್ಲೇ ಮೇಜು ಹಾಕಿ, ಕಲ್ಲುಸಕ್ಕರೆ, ಕೆನೆ, ಕೇಕು ಜೋಡಿಸಿಟ್ಟಿದ್ದರು. ಪಾದ್ರಿ ಕಾರಿನಿಂದ ಇಳಿಯಿತು, ಸುತ್ತ ನೋಡಿತು, ತಿರುಗಿ ಮೆನ್ನೊನ ತೊಡೆ ಕಚ್ಚಿತು.

"ಚೆನ್ನಾಗಿ ಕೆಲಸ ಮಾಡುತ್ತೆ," ಎಂದು ಮೇಡಂ ಮೆಚ್ಚಿದರು.

ಎರಡನೆಯ ಬಟ್ಟಲು ಚಹಾ ಬಗ್ಗಿಸುವಾಗ ಬೇಲಿಯ ಸಂದಿಯಿಂದ ಲೀಸಿ ಗುಂಯ್‌ಗುಡುತ್ತ ಬಂತು. ಪಾದ್ರಿ ರೆಕ್ಕೆ ಅಗಲಿಸಿ, ಕತ್ತನ್ನು ನೆಲಕ್ಕೆ ಚಾಚಿ, ಬುಸುಗುಟ್ಟುತ್ತ ನುಗ್ಗಿತು. ಯಂತ್ರದ ಮೂತಿ ಪಾದ್ರಿಯ ಎದೆಗೆ ಮೆತ್ತಗೆ ತಾಗಿತು. ತಾಗಿದರೆ ಹಿಂದೆ ಸರಿಯುವುದು ಅದರ ಗುಣ, ಸರಿಯಿತು. ಪಾದ್ರಿ ಅವಾಕ್ಕಾಯಿತು. ಹುಟ್ಟಿದಾಗಿನಿಂದ ಅದನ್ನು ಕಂಡವರೆಲ್ಲ ಕಿರುಚಿ ಓಡಿದವರೇ. ಕಿರುಚದೆ, ಮರ್ಯಾದೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಮತ್ತೆ ಮಾತಾಡಿಸಲು ಬಂದ ಜೀವ ಇದೇ ಮೊದಲು. ಕತ್ತು ಓರೆ ಮಾಡಿ ನೋಡಿತು. ಸಣ್ಣ ದನಿಯಲ್ಲಿ ಏನೋ ಕೇಳಿತು. ಯಂತ್ರ ತಿರುಗಿ ಬೇಲಿಯ ಕಡೆ ಹೊರಟಿತು. ಪಾದ್ರಿಯೂ ಬಾಲ ಅಲ್ಲಾಡಿಸುತ್ತ ಅದರ ಹಿಂದೆ ಸಂದಿಯಲ್ಲಿ ತೂರಿ ಹೋಗಿಬಿಟ್ಟಿತು.

"ಅಟ್ಟಿಸ್ಕೊಂಡು ಹೋದ," ಎಂದ ಮೆನ್ನೊ, ಆಸೆಯಿಂದ.

"ಮದುವೆ ಮೆರವಣಿಗೆ ಥರ ಕಾಣ್ಸುತ್ತೆ ಕಣೋ," ಎಂದರು ಮೇಡಂ.

ಮೂರನೆಯ ಬಟ್ಟಲು ಮುಗಿಯುವ ಮೊದಲೇ ಊಬೊನ ಕೂಗು ಕೇಳಿಸಿತು. ಲೀಸಿ ತನ್ನ ಗೂಡಿಗೆ ಹೋಗಿ ಚಾರ್ಜಿಗೆ ನಿಂತಿತ್ತು. ಆ ಗೂಡು ಊಬೊನ ಮನೆಯ ಹಿಂಬಾಗಿಲಿನ ಪಕ್ಕದಲ್ಲಿ. ಪಾದ್ರಿ ಅದರ ಮಗ್ಗುಲಲ್ಲಿ ಕೂತು, ಹತ್ತಿರ ಬಂದವರನ್ನೆಲ್ಲ ಹರಿದು ತಿನ್ನುವಂತೆ ಮಾಡುತ್ತಿತ್ತು. ಗುಲಾಬಿ ಗಿಡಕ್ಕೆ ನೀರು ಹಾಕಲು ಅಂಗಳಕ್ಕಿಳಿದಿದ್ದ ಊಬೊ ಮನೆ ಚಪ್ಪಲಿಯಲ್ಲೇ ಬೇಲಿಯ ಸಂದಿಯಿಂದ ಈಚೆ ಬಂದ. ವರ್ಷಗಳ ಮೇಲೆ ಅವನು ಮೇಡಂ ಅಂಗಳದಲ್ಲಿ ಕಾಲಿಟ್ಟದ್ದು ಅದೇ ಮೊದಲು.

"ಯಾರ್ರೀ ಅದು, ಆ ಪಕ್ಷಿ ಯಾರದು?"

"ಪಾದ್ರಿ ಅಂತ," ಎಂದ ಮೆನ್ನೊ, ಎದ್ದು ನಿಂತು. "ನಮ್ಮ ಕಂಪನಿಯದು."

"ನಿಮ್ಮ ಪಾದ್ರಿ ನನ್ನನ್ನ ನನ್ನ ಮನೆಗೇ ಬಿಡ್ತಿಲ್ಲ! ಒಲೆ ಮೇಲೆ ಆಲೂಗಡ್ಡೆ ಇಟ್ಟಿದ್ದೀನಿ! ವಾಪಸ್ ಕರ್ಕೊಳ್ಳಿ!"

ಮೆನ್ನೊ ಹೋಗಿ ಕರೆದ. ಕಚ್ಚಿಸಿಕೊಂಡು ಬಂದ. ನಾನು ಹೋಗಿ ಕರೆದೆ. ಕಚ್ಚಲಿಲ್ಲ, ಆದರೆ ಅದು ನೋಡಿದ ರೀತಿಗೆ ನಾನೇ ವಾಪಸ್ಸು ಬಂದೆ. ಕೊನೆಗೆ ನಾನು ಮುಂದಿನ ಬಾಗಿಲಿನ ಕಡೆಯಿಂದ ತೆರೆದಿದ್ದ ಕಿಟಕಿಯಲ್ಲಿ ಕೈ ತೂರಿಸಿ ಒಲೆ ಆರಿಸಿದೆ. ಆ ಬಾಗಿಲಿಗೆ ಬೀಗ ಹಾಕಿತ್ತು, ಬೀಗದ ಕೈ ಹಿಂಬಾಗಿಲಿನ ಒಳಗೆ ಮೊಳೆಗೆ ನೇತಾಡುತ್ತಿತ್ತು.

"ನಿಮ್ಮ ಬೇಡಿಕೆ ರದ್ದು ಮಾಡಿ," ಎಂದು ಊಬೊ ಮೇಡಂಗೆ ಹೇಳಿದ.

"ಅದಕ್ಕೊಂದು ಕ್ರಮ ಇರುತ್ತೆ," ಎಂದು ಮೇಡಂ ಗಂಭೀರವಾಗಿ ತಮ್ಮ ಕಂಪ್ಯೂಟರನ್ನು ಅಂಗಳಕ್ಕೇ ತಂದರು. "ಉಲ್ಫರ್ಟ್ಸ್, ರದ್ದು ಮಾಡೋ ಬಟನ್ ಎಲ್ಲಿದೆ?"

ಮೆನ್ನೊನ ಕಿವಿ ಕೆಂಪಾಯಿತು. ಅಂಥ ಬಟನ್ನು ಅವನು ಮಾಡಿಯೇ ಇರಲಿಲ್ಲ. ಯಾನೆಸ್‌ಗೆ ಫೋನು ಹಚ್ಚಿದ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಮೆನ್ನೊ," ಎಂದ ಯಾನೆಸ್, "ನೀವು ನಿಜವಾಗ್ಲೂ ಹೆಬ್ಬಾತು ತಲುಪಿಸಿದ್ರಾ?"

"ಬೆಳಿಗ್ಗೆ ಅಂತ ಬರೆದಿದ್ನಲ್ಲ!"

"ಹಿಂದೆ ಹೋಗಿ ಸ್ವಿಚ್ಚು ಬದಲಿಸಿದಾಗ ಸರಿಯಾಗಿ ಉಳಿಯುತ್ತಾ ಅಂತಾದ್ರೂ ನೋಡಿದ್ರಾ?"

ಅದನ್ನೂ ನೋಡಿರಲಿಲ್ಲ. ಮೆನ್ನೊ ತನಗೆ ಬಂದಿದ್ದ ಮೇಲ್ ತೆರೆದು ಕೊಟ್ಟ, ಮೇಡಂ ಗಟ್ಟಿಯಾಗಿ ಓದಿದರು. ಅವರು ಒತ್ತಿದ್ದು ತಿಂಗಳಿಗೆ, ಸೌಲಭ್ಯಗಳನ್ನು ನೋಡಿ ಮತ್ತೆ ಒಂದು ಪುಟ ಹಿಂದೆ ಹೋಗಿ ಬಂದಿದ್ದರು, ಅಷ್ಟರಲ್ಲಿ ಸ್ವಿಚ್ಚು ತನ್ನಷ್ಟಕ್ಕೆ ವರ್ಷಕ್ಕೆ ಹಾರಿತ್ತು.

"ಒಂದು ವರ್ಷ!" ಎಂದು ಊಬೊ ಚೀರಿದ. "ವರ್ಷಪೂರ್ತಿ ನಾನು ಎಲ್ಲಿರ್ಲಿ?"

"ಸದ್ಯಕ್ಕೆ ಆ ಕುರ್ಚೀಲಿ ಇರಿ. ಟೀ ಆರುತ್ತೆ," ಎಂದರು ಮೇಡಂ.

ಆಮೇಲಿನ ಹೊತ್ತನ್ನು ನಾನು ಮರೆಯುವಂತಿಲ್ಲ. ಮೆನ್ನೊ ಮೇಜಿನ ಒಂದು ತುದಿಯಲ್ಲಿ ಕೂತು, ಮೊಣಕೈಯನ್ನು ಕೇಕಿನ ತಟ್ಟೆಗೆ ಊರಿ, ಹೆಬ್ಬಾತು ವಾಪಸಾತಿಯ ಫಾರ್ಮೊಂದನ್ನು ಕಟ್ಟುತ್ತಿದ್ದ. ಮೇಡಂ ಅವನ ಹಿಂದೆ ನಿಂತು, "ನೆಟ್ಟಗೆ ಕೂತ್ಕೋ," ಎನ್ನುತ್ತಿದ್ದರು. ಎದುರಿಗೆ ಊಬೊ, ನಮ್ಮೂರಲ್ಲಿ ಯಾರೂ ಕಲಕದ ಚಹಾದ ಕೆನೆಯನ್ನು ಚಮಚದಿಂದ ಕಲಕಿದ್ದಕ್ಕೆ ಬೈಸಿಕೊಂಡು, "ನನ್ನ ಬಟ್ಟಲು, ನಾನು ಕಲಕ್ತೀನಿ," ಎಂದು ಮತ್ತೆ ಕಲಕುತ್ತಿದ್ದ. ಮಾತು ಬಿಟ್ಟವರು ಜಗಳಕ್ಕಾದರೂ ಬಾಯಿ ಬಿಟ್ಟಿದ್ದರು. ಫಾರ್ಮು ಸಿದ್ಧವಾದಾಗ ತುಂಬಲು ಊಬೊನೇ ಮುಂದೆ ಬಂದ. ತನ್ನ ಫೋನ್ ನಂಬರನ್ನು ನಡುವೆ ಅಡ್ಡಗೀಟು ಹಾಕಿ ಬರೆದ, ತೂಬಿನ ಕಚೇರಿಯಲ್ಲಿ ಅವನು ಜೀವಮಾನವೆಲ್ಲ ಬರೆದದ್ದು ಹಾಗೆಯೇ. ಕೆಂಪು ಸಾಲು ಎದ್ದಿತು: 'ಅಷ್ಟೇನು ಅವಸರ? ನಿಧಾನವಾಗಿ ಇನ್ನೊಮ್ಮೆ ಬರೀರಿ.'

"ಅವಸರಾನಾ? ನನಗಾ? ನಾನು ಚಪ್ಪಲೀಲಿ ಕೂತಿದ್ದೀನಿ!"

ಇನ್ನೊಮ್ಮೆ ಬರೆದ. ಅದೇ ಸಾಲು. ಮೂರನೆಯ ಸಲ ಊಬೊ ಎದ್ದು ನಿಂತು ಪರದೆಗೇ ಕೈ ಮಾಡಿ ಬೈಯತೊಡಗಿದ. ಮೆನ್ನೊ ಅವನ ಕಂಕುಳ ಕೆಳಗಿಂದ ಕೈ ತೂರಿಸಿ ಅಡ್ಡಗೀಟನ್ನು ಅಳಿಸಿದ. 'ಧನ್ಯವಾದ! ನಿಮ್ಮ ಹೆಬ್ಬಾತನ್ನು ಕೂಡಲೇ ಕರೆದೊಯ್ಯಲಾಗುವುದು' ಎಂದು ಪುಟ ಬಂತು. ಎಲ್ಲರೂ ಬೇಲಿಯ ಕಡೆ ನೋಡಿದೆವು. ಪಾದ್ರಿ ಕೂತಲ್ಲೇ ಕೂತಿತ್ತು.

"ಈಗ?" ಎಂದ ಊಬೊ.

"ಈಗ ಅತ್ತೆಗೆ ಫೋನ್ ಮಾಡ್ತೀನಿ," ಎಂದ ಮೆನ್ನೊ.

ಗೇಶೆಯಮ್ಮ ಸೈಕಲ್ಲಿನಲ್ಲಿ ಬಂದರು. ಯಾರನ್ನೂ ಮಾತಾಡಿಸದೆ ನೇರವಾಗಿ ಹೋಗಿ, ಪಾದ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು, "ಏನೋ ನಿನ್ನ ಸಮಾಚಾರ?" ಎಂದರು. ಪಾದ್ರಿ ಕತ್ತು ಜೋತುಬಿಟ್ಟು ಲೀಸಿಯನ್ನೇ ನೋಡುತ್ತ ಹೋಯಿತು. ಊಬೊ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಂಡ.

ಅಲ್ಲಿಗೆ ಮುಗಿಯಿತೆಂದುಕೊಂಡೆವು. ಆದರೆ ಪಾದ್ರಿ ಊಟ ಬಿಟ್ಟಿತು. ನೆನೆಸಿದ ಓಟ್ಸನ್ನು ಮೂಸಲಿಲ್ಲ, ಯಾರನ್ನೂ ಕಚ್ಚಲಿಲ್ಲ. ಮೆನ್ನೊ ತಾನಾಗಿ ಕೈ ಚಾಚಿದರೂ ಮುಖ ತಿರುಗಿಸಿತು. ಆಗ ಗೇಶೆಯಮ್ಮನಿಗೇ ಗಾಬರಿಯಾಗಿ ಊಬೊನಿಗೆ ಫೋನು ಮಾಡಿದರು.

"ನೋಡಪ್ಪಾ, ನಿನ್ನ ಯಂತ್ರಕ್ಕೆ ನಮ್ಮ ಪಾದ್ರಿ ಮನಸೋತುಬಿಟ್ಟಿದ್ದಾನೆ. ಅವನನ್ನ ನೋಡೋಕಾಗ್ತಿಲ್ಲ. ಏನ್ ಮಾಡೋಣ ಹೇಳು."

ಲೀಸಿಯನ್ನು ಊರಲ್ಲಿ ಯಾರೂ ಅಲ್ಲಿಯವರೆಗೆ ಹೊಗಳಿರಲಿಲ್ಲ. "ಒಳ್ಳೇ ಯಂತ್ರಾನೇ ಅದು," ಎಂದ ಊಬೊ. ದನಿ ಮೆತ್ತಗಾಗಿತ್ತು. "ಬರ್ಲಿ ಬಿಡಿ. ಆದ್ರೆ ಲೀಸಿಯ ಗೂಡನ್ನ ಹಿಂಬಾಗಿಲಿನಿಂದ ದೂರ ಇಡ್ತೀನಿ. ಇರೋದಾದ್ರೆ ಅಲ್ಲಿರ್ಲಿ."

ಪಾದ್ರಿ ವಾಪಸ್ಸು ಹೋಯಿತು. ಲೀಸಿ ಹುಲ್ಲು ಕತ್ತರಿಸುತ್ತ ಮುಂದೆ, ಕತ್ತರಿಸಿದ ಹುಲ್ಲು ತಿನ್ನುತ್ತ ಪಾದ್ರಿ ಹಿಂದೆ. ಇಬ್ಬರೂ ಬೇಲಿಯ ಸಂದಿಯಲ್ಲಿ ನುಗ್ಗಿ ಮೇಡಂ ಲೆಟಿಸ್ ಮಡಿಗೂ ಹೋದರು. ಯಂತ್ರ ಮೇಲಿನ ಎಲೆ ಬೋಳಿಸಿದರೆ ಪಾದ್ರಿ ಬೇರಿನ ಸಮೇತ ನುಂಗಿತು. ಮೇಡಂ ಮೆನ್ನೊನಿಗೆ ಫೋನು ಮಾಡಿ, "ನಿನ್ನ ಕಂಪನಿಯ ನೌಕರ ಪಕ್ಕದ ಮನೆಯವರ ಕಡೆ ಸೇರ್ಕೊಂಡಿದ್ದಾನೆ ಕಣೋ," ಎಂದರು. ಮೆನ್ನೊ ತಲೆ ತಗ್ಗಿಸಿಕೊಂಡು ಕ್ಷಮೆ ಕೇಳಲು ಹೋದಾಗ ಊಬೊ ಆಗಲೇ ಸುತ್ತಿಗೆ, ಮೊಳೆ, ಹಲಗೆ ತಂದು ಸಂದು ಮುಚ್ಚುತ್ತಿದ್ದ. ಮೇಡಂ ಅಂಗಳ ದಾಟಿ ರಸ್ತೆಗೆ ಹೋದರೆ ಪಾದ್ರಿಗೆ ಅಪಾಯ ಎಂಬುದು ಅವನ ಚಿಂತೆ. ಸಂದು ಮುಚ್ಚಿದ ಮೇಲೆ ಈಚೆ ಬರಲು ಊಬೊ ಬೀದಿ ಸುತ್ತಿಕೊಂಡು ಬರಬೇಕಾಯಿತು. ಸುತ್ತಿಕೊಂಡೇ ಬರುತ್ತಿದ್ದ, ಅದೂ ಸರಿಯಾಗಿ ಚಹಾದ ಹೊತ್ತಿಗೆ. ಕೆನೆಯ ಜಗಳ ಮಾತ್ರ ನಡೆದೇ ಇದೆ.

ಮೆನ್ನೊ ಸ್ವಿಚ್ಚು ಸರಿಮಾಡಿದ, ರದ್ದು ಬಟನ್ನು ಸೇರಿಸಿದ, ಅಡ್ಡಗೀಟಿರುವ ನಂಬರನ್ನೂ ಒಪ್ಪಿಕೊಳ್ಳುವ ಹಾಗೆ ಮಾಡಿದ. ಬೂದು ಬಣ್ಣದ ಸಾಲನ್ನು ಪುಟದ ನೆತ್ತಿಗೆ ಏರಿಸಿ ದಪ್ಪ ಅಕ್ಷರದಲ್ಲಿ ಬರೆದ. ಅಷ್ಟರಲ್ಲಿ ಹಾಡಿನ ಬಳಗದ ಇನ್ನೂ ಕೆಲವರು ಜೋಡಿ ಹೆಬ್ಬಾತು ಕೇಳಿದ್ದರು. ಅವರಿಗೆಲ್ಲ ತೇಡಾ ಬೇಕರಿಯ ಕೌಂಟರಿನಲ್ಲಿ ನಿಂತೇ ಕ್ಷಮೆ ಕೇಳಿದಳು.

ಕೋರ್ಸು ಮುಗಿದ ಮೇಲೆ ಅವನು ಬಂದರಿನ ಪಟ್ಟಣದಲ್ಲಿರುವ ಒಂದು ಸಣ್ಣ ಕಂಪನಿಗೆ ಕೆಲಸ ಕೇಳಲು ಹೋದ. ತೀರದಾಚೆಯ ದ್ವೀಪದ ವಸತಿಗೃಹಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುವವರು. ಅಲ್ಲಿಯ ಯಜಮಾನತಿ ಅವನ ಎದುರಿಗೇ ಫಾರ್ಮು ತೆರೆದು, ಹಿಂದೆ ಮುಂದೆ ಹೋಗಿ, ಬೇಕೆಂದೇ ತಪ್ಪು ಬರೆದು ನೋಡಿದಳು. ಆಮೇಲೆ, "ಇದನ್ನ ಮಾಡುವಾಗ ಕಷ್ಟ ಅನ್ನಿಸಿದ್ದು ಏನು?" ಎಂದು ಕೇಳಿದಳು.

"ಹೆಬ್ಬಾತನ್ನ ಕಾರಿಗೆ ಹತ್ತಿಸೋದು," ಎಂದನಂತೆ ಮೆನ್ನೊ.

ಅವಳು ಅರ್ಥವಾಗದೆ ಮುಖ ನೋಡಿದಳು. ಇವನು ಮೊದಲಿನಿಂದ ಹೇಳಿದ. ಕೇಳಿದ್ದು ಒಂದು ಪ್ರಶ್ನೆ, ಹೇಳಿದ್ದು ಊಟದ ಹೊತ್ತು ದಾಟುವವರೆಗೆ. ಕಚೇರಿಯವರೆಲ್ಲ ಕೆಲಸ ಬಿಟ್ಟು ಬಾಗಿಲಲ್ಲಿ ಬಂದು ನಿಂತರು. ಮೊದಲು ಅರ್ಧ ದಿನದ ಕೆಲಸಕ್ಕೆ, ಪರೀಕ್ಷೆಯ ಮೇಲೆ ತೆಗೆದುಕೊಂಡರು. ಈಗ ಪೂರ್ತಿ ದಿನ.

ಬೆಳಗಿನ ರೈಲಿನಲ್ಲಿ ಹೋಗುತ್ತಾನೆ, ಅಕ್ಕಪಕ್ಕದ ಸೀಟಿನವರ ಸುದ್ದಿಯೆಲ್ಲ ತಿಳಿದುಕೊಂಡು ಇಳಿಯುತ್ತಾನೆ. ಕಳೆದ ಜನವರಿಯಲ್ಲಿ ಕಚೇರಿಯ ಹುಡುಗ ಹುಡುಗಿಯರು ಅವನನ್ನು ರಸ್ತೆಯುದ್ದಕ್ಕೂ ಚೆಂಡು ಎಸೆಯುತ್ತ ನಡೆಯುವ ನಮ್ಮ ಕಡೆಯ ಚೆಂಡಾಟಕ್ಕೆ ಕರೆದುಕೊಂಡು ಹೋಗಿದ್ದರು, ಕೈಗಾಡಿಯ ತುಂಬ ಬಿಸಿ ಪಾನಕ ತುಂಬಿಕೊಂಡು. ಮೆನ್ನೊ ಎಸೆದ ಮೊದಲ ಚೆಂಡೇ ರಸ್ತೆ ಬಿಟ್ಟು ಕಾಲುವೆಗೆ ಬಿತ್ತು. ಉದ್ದ ಕೋಲಿನ ಬುಟ್ಟಿ ಹಿಡಿದು ಎಲ್ಲರೂ ಮಂಡಿಯವರೆಗೆ ಕೆಸರಾಗುವ ತನಕ ಹುಡುಕಿದರು. ಚೆಂಡು ಸಿಕ್ಕಿತು, ಜೊತೆಗೆ ಒಂದು ಒಳ್ಳೆಯ ಎಡಗಾಲಿನ ಬೂಟೂ ಸಿಕ್ಕಿತು. ಮೆನ್ನೊ ಅದನ್ನು ತೊಳೆದು ಮನೆಯ ಮುಂದಿನ ಗೋಡೆಯ ಮೇಲೆ ಇಟ್ಟಿದ್ದಾನೆ. ಹಾದುಹೋಗುವವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಿದ್ದಾನೆ. ಇನ್ನೂ ಯಾರೂ ತಮ್ಮದೆಂದು ಹೇಳಿಲ್ಲ.